ಅಣ್ಣನ ಕಾರ್ಡು

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಏಳೂವರೆಗೆ ನನ್ನ ಹಿರಿಯ ಮಗ ಅನಿಲಕುಮಾರ ತೀರಿಕೊಂಡನೆಂದು ನಮ್ಮ ಮನೆಗೆ ಫೋನು ಬಂತು. ಆಗ ಅನಿಲಕುಮಾರ ಖೋಲಿಯ ಮೂಲೆಯ ಬಚ್ಚಲು ಮೋರಿಯ ಪರದೆಯ ಹಿಂದೆ ಸ್ನಾನ ಮಾಡುತ್ತಿದ್ದ.

ಫೋನು ಎತ್ತಿದವಳು ಅವನ ಹೆಂಡತಿ, ಮರಾಠಿ ಮನೆತನದ ರಂಜನಾ. ನಾನು ಗೋಡೆಯ ಕಡೆ ಮುಖ ಮಾಡಿ ಲಿಂಗಪೂಜೆಗೆ ಕೂತಿದ್ದೆ. ನನ್ನ ಹೆಂಡತಿ ಮಲ್ಲಕ್ಕ ಒಲೆಯ ಮುಂದಿದ್ದಳು. ಕಿರಿಯ ಸೊಸೆ ಭುವನೇಶ್ವರಿ ತನ್ನ ಆರು ವರ್ಷದ ಮಗಳು ನೇತ್ರಾಳಿಗೆ ಜಡೆ ಹಾಕುತ್ತಿದ್ದಳು. ಚುನಾಭಟ್ಟಿಯ ಚಾಳಿನಲ್ಲಿ ಎರಡು ಖೋಲಿಯ ಮನೆ. ಒಬ್ಬರ ಮಾತು ಎಲ್ಲರಿಗೂ ಕೇಳಿಸುತ್ತದೆ.

"ಕ್ಯಾ? ಅನಿಲಕುಮಾರ? ಕೌನ್ ಬೋಲ್ ರಹಾ ಹೈ?" ಎಂದ ರಂಜನಾಳ ಕೈಯಿಂದ ಫೋನು ಜಾರಿತು. "ಆಯೀ, ಜಿಮ್ಮಿನವರು... ಇವರು ಎಕ್ಸ್‌ಪೈರ್ ಆದ್ರಂತ!"

ಪರದೆ ಸರಿಯಿತು. ಕಿವಿಯಲ್ಲಿ ಸೋಪಿನ ನೊರೆ, ಸೊಂಟಕ್ಕೆ ಟವೆಲ್ಲು. "ಯಾರ ಎಕ್ಸ್‌ಪೈರ್? ಮುಂಜಾನೆ ಮುಂಜಾನೆ ಏನ್ ಒದರ್ಲಿಕತ್ತಿ?" ಎಂದ ಅನಿಲ.

ರಂಜನಾ ಓಡಿಹೋಗಿ ಆ ಒದ್ದೆ ಮೈಯನ್ನೇ ತಬ್ಬಿಕೊಂಡಳು. ಅಳುತ್ತಿದ್ದವಳು ನಕ್ಕಳು. "ಹೇ ಜಿವಂತ ಆಹೇತ್! ಆಯೀ, ನೋಡಿ, ಇವರು ಇಲ್ಲೇ ಅದಾರ!" ಮಲ್ಲಕ್ಕ ಹಿಟ್ಟಿನ ಕೈಯನ್ನು ದೇವರ ಕಡೆಗೆ ಎತ್ತಿ ಮುಗಿದಳು. ನನಗೂ ನಗು ಬಂತು. ಏನೋ ರಾಂಗ್ ನಂಬರು ಎಂದುಕೊಂಡೆ.

ನಗದೆ ಇದ್ದವಳು ಭುವನೇಶ್ವರಿ ಒಬ್ಬಳೇ. ಜಡೆ ಅರ್ಧಕ್ಕೆ ನಿಂತಿತ್ತು.

"ನಮ್ಮನಿಯವರು ಜಿಮ್ಮಿಗೆ ಹೋಗ್ಯಾರಲ್ಲ," ಎಂದಳು. "ಅಣ್ಣಾವರ ಕಾರ್ಡ ತಗೊಂಡು."

ಆ ಕಾರ್ಡಿನ ವಿಷಯ ಹೇಳಿಬಿಡುತ್ತೇನೆ. ಜನವರಿಯಲ್ಲಿ ಸಾಯನ್ನಿನ ಒಂದು ಜಿಮ್ಮಿನಲ್ಲಿ ವರ್ಷದ ಫೀಜು ಒಟ್ಟಿಗೆ ಕಟ್ಟಿದರೆ ಅರ್ಧಕ್ಕರ್ಧ ರಿಯಾಯಿತಿ ಎಂದು ಬೋರ್ಡು ಹಾಕಿದ್ದರು. ಅನಿಲ ಏಸಿ ರಿಪೇರಿಯ ಕೆಲಸದವನು. ಹೊಟ್ಟೆ ಬಂದಿದೆ ಎಂದು ರಂಜನಾ ಹಾಸ್ಯ ಮಾಡುತ್ತಿದ್ದಳು. ಹೋಗಿ ಹಣ ಕಟ್ಟಿದ, ಇಪ್ಪತ್ತು ದಿನ ಹೋದ, ಬಿಟ್ಟ. ಅದೇ ಹೊತ್ತಿಗೆ ಕಿರಿಯ ಮಗ, ಭುವನೇಶ್ವರಿಯ ಗಂಡ ಸುಭಾಷನಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ದಾದರಿನ ಔಷಧಿ ಗೋದಾಮಿನಲ್ಲಿ ಅವನು ಪ್ಯಾಕಿಂಗ್ ಕೆಲಸಕ್ಕಿದ್ದ. ವಯಸ್ಸು ಮೂವತ್ತೊಂದು. ಮಾತ್ರೆಯ ಜೊತೆಗೆ ವ್ಯಾಯಾಮವೂ ಬೇಕೆಂದು ಡಾಕ್ಟರು ಹೇಳಿದರು.

"ಇನ್ನೊಂದು ಫೀಜು ಯಾಕ?" ಎಂದವನು ನಾನು. "ಅಣ್ಣ ತಾಟಿನ್ಯಾಗ ಬಿಟ್ಟ ರೊಟ್ಟಿ ತಮ್ಮ ತಿಂದ್ರ ಎಂಜಲಲ್ಲ. ಕಾರ್ಡ ಸುಮ್ಮನ ಬಿದ್ದದ, ನೀ ಹೋಗು."

ಮೂವತ್ತೆಂಟು ವರ್ಷ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು ನಾನು. ಸವೆದ ಸೀಮೆಸುಣ್ಣವನ್ನೂ ಎಸೆಯಲು ಬಿಟ್ಟವನಲ್ಲ. ಸುಭಾಷ ಎದುರಾಡಲಿಲ್ಲ. ಜಿಮ್ಮಿನಲ್ಲಿ ಎಲ್ಲರೂ ಅವನನ್ನು ಅನಿಲಭಾಯಿ ಎಂದು ಕರೆದರು. ಅದನ್ನು ಊಟದ ಹೊತ್ತಿನಲ್ಲಿ ಹೇಳಿ ಅವನೇ ನಗುತ್ತಿದ್ದ.

ಆ ಸೋಮವಾರ ಅವನು ಬೆಂಚಿನ ಮೇಲೆ ಮಲಗಿ ಕಬ್ಬಿಣದ ಸರಳು ಎತ್ತುತ್ತಿದ್ದಾಗ ಟ್ರೈನರ್ ಚಹಾಕ್ಕೆಂದು ಕೆಳಗೆ ಇಳಿದಿದ್ದ. ಸರಳು ಕೈಜಾರಿ ಕುತ್ತಿಗೆಯ ಮೇಲೆ ಬಿತ್ತು. ಹಿಡಿಯಲು ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲೂ ಪೊಲೀಸರ ಕಾಗದದಲ್ಲೂ ಹೆಸರು ಅನಿಲಕುಮಾರ ಎಂದೇ ಬರೆದಾಗಿತ್ತು. ಅನಿಲ ತನ್ನ ಆಧಾರ್ ಕಾರ್ಡು ಹಿಡಿದು, "ಸಾಬ್, ಮೈ ಹೂಂ ಅನಿಲಕುಮಾರ. ವೋ ಮೇರಾ ಭಾಯಿ ಹೈ," ಎಂದು ಮೂರು ಟೇಬಲ್ಲುಗಳ ಮುಂದೆ ಹೇಳಬೇಕಾಯಿತು. ಅದನ್ನು ತಿದ್ದಿಸುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಸಂಜೆ ನಮ್ಮ ಸಮಾಜದ ರುದ್ರಭೂಮಿಯಲ್ಲಿ ಸುಭಾಷನನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿದೆವು. ಮೊದಲ ಹಿಡಿ ಮಣ್ಣು ನನ್ನಿಂದ ಹಾಕಿಸಿದರು.

ಮನೆಯಲ್ಲಿ ರಂಜನಾ ತಾಟು ಹಚ್ಚಿಟ್ಟರೆ ಭುವನೇಶ್ವರಿ ಮುಟ್ಟುತ್ತಿರಲಿಲ್ಲ.

"ಉಣ್ಣವ್ವ," ಎಂದಳು ಮಲ್ಲಕ್ಕ. "ಅಕ್ಕ ಮಾಡ್ಯಾಳ ಪಾಪ."

"ಅವತ್ತ ನಕ್ಕಿದ್ದ ಬಾಯಿಲೇ ಇವತ್ತ ಉಣ್ಣು ಅಂತಾಳ. ನನಗ ಇಳ್ಯಂಗಿಲ್ಲ ಅತ್ತಿ."

ರಂಜನಾ ಸೌಟು ಕೆಳಗಿಟ್ಟಳು. "ನಾನು ಬೇಕಂತ ನಕ್ಕೆ ಕ್ಯಾ? ಮೇರಾ ಆದ್ಮಿ ಮರ್ ಗಯಾ ಅಂತ ಹೇಳಿದ್ರು ನನಗೆ. ಆಮೇಲೆ ಎದುರು ಬಂದ್ರು. ತೂ ಹೋತೀ ತೋ?"

"ನಾನಿದ್ರೂ ನಗತಿದ್ದೆ," ಎಂದಳು ಭುವನೇಶ್ವರಿ. "ಅದಕ್ಕ ನನಗ ಸಂಕಟ."

ಹನ್ನೊಂದನೆಯ ದಿನ ಗಣಾರಾಧನೆ. ಐದು ಮಂದಿ ಜಂಗಮರ ಪಾದ ತೊಳೆದು ಊಟಕ್ಕೆ ಕೂರಿಸಿದ್ದೆವು. ಆಗ ಜಿಮ್ಮಿನ ಮಾಲೀಕ ಧರ್ಮಣ್ಣ ಬಂದರು. ಉಡುಪಿ ಕಡೆಯವರು. ಅವರ ತಂದೆ ಅದೇ ಜಾಗದಲ್ಲಿ ಹೋಟೆಲು ನಡೆಸುತ್ತಿದ್ದರಂತೆ. ಇವರು ಒಲೆ ತೆಗೆಸಿ ಕಬ್ಬಿಣ ತುಂಬಿಸಿದ್ದರು. ಬಾಗಿಲಲ್ಲೇ ನಿಂತು ಬಾಳೆಹಣ್ಣಿನ ಚಿಪ್ಪು ಕೊಟ್ಟರು. ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ. ನನ್ನನ್ನು ಖೋಲಿಗಳ ಮುಂದಿನ ಗ್ಯಾಲರಿಯ ತುದಿಗೆ ಕರೆದರು.

"ಮಾಸ್ತರೇ, ಜಿಮ್ಮಿಗೆ ಇನ್ಶೂರೆನ್ಸ್ ಉಂಟು. ಒಳಗೆ ಅಪಘಾತದಲ್ಲಿ ಮೆಂಬರ್ ತೀರಿಕೊಂಡರೆ ಮನೆಯವರಿಗೆ ಹತ್ತು ಲಕ್ಷ. ವರ್ಷ ವರ್ಷ ಕಟ್ಟುತ್ತಾ ಬಂದಿದ್ದೇನೆ."

"ಶಿವನ ದಯೆ. ಹೆಣ್ಣುಮಗಳಿಗೆ ಒಂದು ಆಧಾರ ಆಗ್ತದ."

"ಆದರೆ ಮೆಂಬರ್ ಅಂದರೆ ರಿಜಿಸ್ಟರಿನಲ್ಲಿ ಹೆಸರು ಇರಬೇಕು ಮಾರಾಯ್ರೆ. ಅಲ್ಲಿ ಇರುವುದು ಅನಿಲಕುಮಾರ. ಅನಿಲಕುಮಾರ ಅಲ್ಲಿ ಜಂಗಮರಿಗೆ ಪಾಯಸ ಬಡಿಸುತ್ತಿದ್ದಾರೆ."

ಅವರು ಅಂಗಿಯ ಕಿಸೆಯಿಂದ ಮಡಚಿದ ಫಾರ್ಮು ತೆಗೆದರು. ಸುಭಾಷನ ಹೆಸರಿನಲ್ಲಿ, ಜೂನ್ ತಿಂಗಳ ತಾರೀಕಿನಲ್ಲಿ ಹೊಸ ಮೆಂಬರ್ ಆದ ಹಾಗೆ ಬರೆದಿತ್ತು. ಕೆಳಗೆ ಸಹಿಯ ಜಾಗ ಖಾಲಿ.

"ಇಬ್ಬರೂ ಮೆಂಬರೇ. ಟ್ರೈನರ್ ಗಾಬರಿಯಲ್ಲಿ ಅಣ್ಣನ ಹೆಸರು ಹೇಳಿದ ಅಂತ ನಾನು ಹೇಳುತ್ತೇನೆ. ಸಹಿ ನೀವು ನೋಡಿಕೊಳ್ಳಿ. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರು ಬರುವುದು ನನಗೆ ಗೊತ್ತಿತ್ತು, ಬಿಟ್ಟುಬಿಟ್ಟೆ. ನಮ್ಮ ಕನ್ನಡದ ಜನ, ಎಂತ ಅಂತ ಹೇಳುವುದು? ನನ್ನ ತಪ್ಪೂ ಉಂಟು."

ಸಂಜೆ ನೆಂಟರೆಲ್ಲ ಹೋದ ಮೇಲೆ ಫಾರ್ಮನ್ನು ನಡುವೆ ಇಟ್ಟುಕೊಂಡು ಕೂತೆವು.

"ಸತ್ತವನ ಸಹಿ ಮಾಡೋದು ಪಾಪ," ಎಂದೆ ನಾನು.

"ಪಾಪ ನನಗಿರಲಿ," ಎಂದ ಅನಿಲ. "ಕಾರ್ಡ ನಂದು. ಹೋಗಬೇಕಾದಾಂವ ನಾ. ಸಹಿನಾದ್ರೂ ಮಾಡ್ತೀನಿ."

"ಅಪ್ಪಾಜಿ, ಪ್ರಾಬ್ಲಮ್ ಆದ್ರೆ ಇವರನ್ನ ಪೊಲೀಸ್ ಹಿಡೀತಾರೆ," ಎಂದಳು ರಂಜನಾ. "ಫೋರ್ಜರಿ ಆಗ್ತದೆ ಇದು."

ಭುವನೇಶ್ವರಿ ಅವಳ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. "ಮಾವಾರ, ಅವರು ಜಿಮ್ಮಿಗೆ ಹೋಗಿದ್ದು ಸುಳ್ಳೇನು? ಸತ್ತದ್ದು ಸುಳ್ಳೇನು? ಹೆಸರೊಂದೇ ಅಲ್ಲ ಇಲ್ಲದ್ದು? ನಿಮ್ಮ ಸತ್ಯ ನೇತ್ರಾನ ಸಾಳಿ ಫೀಜು ಕಟ್ತದೇನು?"

"ಅಷ್ಟಕ್ಕ ದೇವರು ಒಂದು ಗಳಿಗಿ ಕಣ್ಣು ಮುಚ್ಚಿಕೊಂಡಾನು," ಎಂದಳು ಮಲ್ಲಕ್ಕ.

ಅನಿಲ ಹಳೆಯ ಕ್ಯಾಲೆಂಡರಿನ ಹಿಂದೆ ತಮ್ಮನ ಸಹಿಯನ್ನು ನಾಲ್ಕು ಸಲ ಬರೆದು ನೋಡಿ, ಐದನೆಯ ಸಲ ಫಾರ್ಮಿನ ಮೇಲೆ ಹಾಕಿದ. ಸ ಅಕ್ಷರದ ಬಾಲ ಉದ್ದ ಎಳೆಯುವುದು ಸುಭಾಷನ ರೂಢಿ. ನಾನು ಎಷ್ಟು ತಿದ್ದಿದರೂ ಬಿಟ್ಟಿರಲಿಲ್ಲ. ಅನಿಲ ಹಾಗೆಯೇ ಎಳೆದ. ನಾನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಎದ್ದು ಹೋಗಿ ನೇತ್ರಾಳನ್ನು ಮಲಗಿಸಿದೆ.

ಭಾದ್ರಪದ ಕಳೆಯಿತು. ಭುವನೇಶ್ವರಿ ಮಾಟುಂಗದ ಒಂದು ಮೆಸ್ಸಿಗೆ ಚಪಾತಿ ಲಟ್ಟಿಸುವ ಕೆಲಸಕ್ಕೆ ಹೋಗತೊಡಗಿದಳು. ಬೆಳಿಗ್ಗೆ ಆರರ ಲೋಕಲ್ಲಿಗೆ ಹೋದರೆ ಮಧ್ಯಾಹ್ನ ಮೂರಕ್ಕೆ ತೋಳು ಊದಿಸಿಕೊಂಡು ಬರುತ್ತಿದ್ದಳು. ನೇತ್ರಾಳನ್ನು ಶಾಲೆಗೆ ಬಿಡುವುದು ನನ್ನ ಪಾಲಿಗೆ ಬಂತು. ನೀರು ಹಿಡಿಯುವುದು ರಂಜನಾಳಿಗೆ. ಸೊಸೆಯರ ನಡುವೆ ಬೇಕಾದಷ್ಟೇ ಮಾತು. ಆದರೂ ಆ ಹಣದ ಮಾತು ಬಂದಾಗ ಭುವನೇಶ್ವರಿಯ ಮುಖ ಸ್ವಲ್ಪ ತಿಳಿಯಾಗುತ್ತಿತ್ತು.

"ಡೊಂಬಿವ್ಲಿ ಆಚೆ ಒಂದು ಖೋಲಿ ಹಿಡೀತೀನಿ ಅತ್ತಿ. ನನ್ನ ಹೆಸರಿಗೆ. ಉಳಿದದ್ದು ಬ್ಯಾಂಕಿಗೆ ಹಾಕಿ, ಅದರ ಬಡ್ಡಿ ಮ್ಯಾಲೆ ನೇತ್ರಾನ ಓದು."

"ನಮ್ಮನ್ನ ಬಿಟ್ಟು ಹೋಗ್ತಿ ಏನು?" ಎಂದಳು ಮಲ್ಲಕ್ಕ.

"ನೀವೂ ಬರ್ರಿ. ಮಾವಾರೂ ಬರಲಿ. ರೊಟ್ಟಿ ನಾ ಹಾಕ್ತೀನಿ."

ಇನ್ಶೂರೆನ್ಸಿನವರು ವಿಚಾರಣೆಗೆ ಬರುತ್ತಾರೆಂದು ಧರ್ಮಣ್ಣ ಮೊದಲೇ ಹೇಳಿ ಕಳಿಸಿದ್ದರು. ಏನು ಕೇಳಿದರೆ ಏನು ಹೇಳಬೇಕೆಂದು ಅನಿಲ ಎಲ್ಲರಿಗೂ ಪಾಠ ಮಾಡಿದ. ಜೂನಿನಲ್ಲಿ ಸೇರಿದ, ಫೀಜು ನಗದು ಕೊಟ್ಟ, ಕಾರ್ಡು ಇನ್ನೂ ಬಂದಿರಲಿಲ್ಲ. "ಅವ್ವಾ, ನೀ ಮಾತ್ರ ಏನೂ ಹೇಳಬ್ಯಾಡ. ಕೇಳಿದ್ರ ಅಳು," ಎಂದ.

"ಅದಕ್ಕ ನನಗ ಕಲಿಸಬೇಕೇನೋ?" ಎಂದಳು ಮಲ್ಲಕ್ಕ.

ಒಂದು ಭಾನುವಾರ ಹನ್ನೆರಡರ ಹೊತ್ತಿಗೆ ಬಂದರು. ನಾವು ಟೈ ಕಟ್ಟಿದ ಹಿಂದಿಯವನನ್ನು ಎದುರು ನೋಡಿದ್ದೆವು. ಬಂದವರು ಐವತ್ತು ದಾಟಿದ ಮನುಷ್ಯ, ಕಾಲಲ್ಲಿ ಸವೆದ ಚಪ್ಪಲಿ. ಮೊದಲು ಹಿಂದಿಯಲ್ಲೇ ಕೇಳಿದರು. ಅನಿಲ ಕಲಿತದ್ದನ್ನು ಒಂದೂ ತಪ್ಪದೆ ಹೇಳಿದ. ಅವರು ಬರೆದುಕೊಂಡರು. ಅಷ್ಟರಲ್ಲಿ ಒಳಗಿನಿಂದ ಮಲ್ಲಕ್ಕ ನೇತ್ರಾಳನ್ನು ಗದರಿಸಿದ್ದು ಕೇಳಿ ಪೆನ್ನು ನಿಲ್ಲಿಸಿದರು.

"ನೀವು ಆಳಂದ ಕಡ್ಯಾವ್ರೇನ್ರಿ?"

ಅವರ ಹೆಸರು ಗುರಲಿಂಗಪ್ಪ. ನಮ್ಮ ಆಳಂದದಿಂದ ಎಂಟು ಮೈಲಿಯ ಊರು. ಅವರ ಸೋದರಮಾವ ನನ್ನ ಅಣ್ಣನ ಜೊತೆ ಓದಿದವರು. ಇಪ್ಪತ್ತು ವರ್ಷದಿಂದ ಠಾಣೆಯಲ್ಲಿ ಒಬ್ಬರೇ ಇದ್ದಾರಂತೆ. ಊಟದ ಹೊತ್ತಿಗೆ ಬಂದ ಊರಿನವರನ್ನು ಮಲ್ಲಕ್ಕ ಬಿಡುವಳೇ? ಅವರು ಬೇಡವೆಂದರೂ ತಾಟು ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಫೈಲು ಮುಚ್ಚಿಟ್ಟು ಉಣ್ಣತೊಡಗಿದರು.

"ನಮ್ಮವ್ವ ಹೋದ ಮ್ಯಾಲೆ ಹಿಂಥಾ ಹಿಂಡಿ ಉಂಡಿದ್ದಿಲ್ಲವ್ವ," ಎಂದರು. ಮಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಹಾಕಿದಳು. ಅವರು ಅದರಲ್ಲಿ ಅರ್ಧ ಮುರಿದು ಬದಿಗಿಟ್ಟರು. "ಸಾಕ್ರಿ, ಹೊಟ್ಟಿ ತುಂಬ್ತು."

"ಹಂಗ ಬಿಡಬ್ಯಾಡಪ್ಪ. ನಮ್ಮ ಮನ್ಯಾಗ ಯಾರೂ ಏನೂ ಕೆಡಸಂಗಿಲ್ಲ. ನನ್ನ ಸುಭಾಷ ಅಂತೂ, ಅಣ್ಣನ ಕಾರ್ಡ ಸುಮ್ನ ಬಿದ್ದದ ಅಂತ ಆರು ತಿಂಗಳು ಅದರ ಮ್ಯಾಲೇ ಹೋಗ್ಯಾನ ನೋಡು. ಒಂದ್ ರೂಪಾಯಿ ದಂಡ ಮಾಡಿದಾಂವ ಅಲ್ಲ ನನ್ನ ಮಗ."

ಹೇಳಿದ್ದು ಏನೆಂದು ತಿಳಿದ ಕೂಡಲೇ ಮಲ್ಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಗುರಲಿಂಗಪ್ಪ ಉಳಿದ ಅರ್ಧ ರೊಟ್ಟಿಯನ್ನು ತಿಂದು ಮುಗಿಸಿ, ಮೋರಿಯಲ್ಲಿ ಕೈ ತೊಳೆದು, ಟವೆಲ್ಲಿನಲ್ಲಿ ಬೆರಳು ಬೆರಳಾಗಿ ಒರೆಸಿಕೊಂಡರು. ಫೈಲು ತೆರೆಯದೆ ನನ್ನ ಎದುರು ಕೂತರು.

"ಮಾಸ್ತರ್, ಅವ್ವಾರು ಅಂದದ್ದು ಖರೇ ಏನ್ರಿ? ಮಗ ಹೋದ ದುಃಖದಾಗ ಮನಸು ಸ್ಥಿಮಿತ ಇಲ್ಲ, ಏನೋ ತಪ್ಪಿ ಅಂದಾರ ಅಂತ ನೀವು ಹೇಳ್ರಿ. ನಾ ಹಂಗೇ ಬರೀತೀನಿ. ನೀವು ಹೇಳಿದ್ದೇ ಬರೀತೀನಿ."

ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ಭುವನೇಶ್ವರಿ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಅಲ್ಲ ಎನ್ನು ಎಂಬಂತೆ ಅನಿಲ ತಲೆ ಅಲ್ಲಾಡಿಸಿ ಸನ್ನೆ ಮಾಡಿದ. ನನ್ನ ಹಣೆಯಲ್ಲಿ ಬೆಳಗಿನ ವಿಭೂತಿ ಇತ್ತು. ಎದೆಯ ಮೇಲೆ ಲಿಂಗವಿತ್ತು.

"ಖರೆ ಅದ," ಎಂದೆ.

"ಮತ್ತ ಈ ಸಹಿ?"

"ಅದನ್ನ ಕೇಳಬ್ಯಾಡ್ರಿ."

"ಕೇಳಂಗಿಲ್ಲ," ಎಂದು ಅವರು ಎದ್ದರು. ಮಲ್ಲಕ್ಕನ ಕಾಲು ಮುಟ್ಟಿ ನಮಸ್ಕರಿಸಿ ಹೋದರು.

ಅವರ ಚಪ್ಪಲಿಯ ಸದ್ದು ಜಿನ್ನೆಯ ಮೆಟ್ಟಿಲು ಇಳಿದು ಮುಗಿಯುವವರೆಗೆ ಭುವನೇಶ್ವರಿ ತಡೆದುಕೊಂಡಳು.

"ಅತ್ತಿ ಬಾಯಿ ತಪ್ಪಿ ಅಂದ್ರು. ಅವರಿಗೆ ನಾ ಏನೂ ಅನ್ನಂಗಿಲ್ಲ. ಆ ಮನುಷ್ಯಾ ನಿಮಗ ದಾರಿ ಮಾಡಿಕೊಟ್ಟ. ಅಷ್ಟು ಚಂದ ಕೇಳಿದ. ತಪ್ಪಿ ಅಂದಾಳ ಅಂತ ಒಂದು ಮಾತು. ನಿಮ್ಮ ಕೊಳ್ಳಾಗಿನ ದೇವರಿಗೆ ಕಿವಿ ಅದಾವ ಮಾವಾರ, ನನ್ನ ಮಗಳಿಗೆ ಹೊಟ್ಟಿ ಇಲ್ಲೇನು?"

"ಅಪ್ಪಾ, ಫೀಜು ಉಳಸಂತ ಹೇಳಿದಾಂವ ನೀ," ಎಂದ ಅನಿಲ. "ಖರೆ ಹೇಳಿದಾಂವನೂ ನೀ. ಎರಡಕ್ಕೂ ನಾವೇ ಸಿಕ್ಕಿವೇನು?"

"ಬಸ್ ಕರೋ, ಅಪ್ಪಾಜಿಗೆ ಹಾಗೆ ಬೋಲ್ಬೇಡಿ," ಎಂದ ರಂಜನಾಳ ಮೇಲೆ ಇಬ್ಬರೂ ಒಟ್ಟಿಗೆ ಹರಿಹಾಯ್ದರು. ಅವಳು ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು. ನೀರು ಬರುವ ಹೊತ್ತಾಗಿರಲಿಲ್ಲ.

ದೀಪಾವಳಿಗೆ ಒಂದು ವಾರ ಇರುವಾಗ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ರಂಜನಾ ಓದಿ ಹೇಳಿದಳು. ಮೃತನು ನೋಂದಾಯಿತ ಸದಸ್ಯನಲ್ಲ. ತನ್ನ ಆರೋಗ್ಯದ ಬಗ್ಗೆ ಅವನು ಬರೆದುಕೊಟ್ಟದ್ದು ಏನೂ ಇಲ್ಲ. ಇನ್ನೊಬ್ಬರ ಕಾರ್ಡಿನಲ್ಲಿ ಒಳಗೆ ಬಿಟ್ಟದ್ದು ಮಾಲೀಕನ ಷರತ್ತುಭಂಗ. ಆದುದರಿಂದ ಪರಿಹಾರ ಕೊಡಲು ಬರುವುದಿಲ್ಲ. ಕೊನೆಯಲ್ಲಿ, ಕುಟುಂಬದ ದುಃಖದಲ್ಲಿ ತಾವೂ ಭಾಗಿಗಳು ಎಂದಿತ್ತು. ಖೊಟ್ಟಿ ಫಾರ್ಮಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಗುರಲಿಂಗಪ್ಪ ತಮ್ಮ ಕೈಲಾದದ್ದನ್ನು ಮಾಡಿದ್ದರು.

ಮರುದಿನ ಧರ್ಮಣ್ಣ ಬಂದರು. ಜಿಮ್ಮು ಮುಚ್ಚಿತ್ತು. ಮೆಷೀನುಗಳನ್ನು ಹಳೇ ಕಬ್ಬಿಣ ಕೊಳ್ಳುವ ಭಂಗಾರದವನಿಗೆ ಕೊಟ್ಟಿದ್ದರು. ಭುವನೇಶ್ವರಿಯ ಕೈಗೆ ಒಂದು ಲಕೋಟೆ ಕೊಟ್ಟು, "ಇಷ್ಟೇ ಆಗುವುದು ಅಮ್ಮ," ಎಂದರು. ಅವಳು ಎಣಿಸದೆ ತೆಗೆದುಕೊಂಡಳು. ಹೊರಗೆ ನನಗೆ ಹೇಳಿದರು: "ನೀವು ಹೇಳಿದ್ದು ಸರಿಯೇ ಮಾಸ್ತರೇ. ನನ್ನ ತಂದೆ ಇದ್ದರೂ ಹಾಗೆಯೇ ಹೇಳುತ್ತಿದ್ದರು. ಆದರೆ ಇನ್ನು ದಾರಿಯಲ್ಲಿ ನನ್ನನ್ನು ಕಂಡರೆ ಮಾತಾಡಿಸಬೇಡಿ."

ಪಾಡ್ಯದ ಮರುದಿನ ಭುವನೇಶ್ವರಿಯ ಅಣ್ಣ ಶಿವಪುತ್ರ ಊರಿನಿಂದ ಬಂದ. ತಂಗಿಯನ್ನೂ ಅವಳ ಮಗಳನ್ನೂ ಕರೆದೊಯ್ಯುತ್ತೇನೆಂದ. ಅವನ ಮನೆಯಲ್ಲೇ ಮೂವರು ಮಕ್ಕಳು. ಅವನ ಹೆಂಡತಿ ಹೊಲದ ಕೂಲಿಗೆ ಹೋಗುವವಳು. ನೇತ್ರಾಳ ಶಾಲೆ ಹೇಗೆಂದು ನಾನು ಕೇಳಿದೆ.

"ಊರಾಗ ಸರಕಾರಿ ಸಾಳಿ ಅದಲ್ರಿ ಮಾವಾರ," ಎಂದ. "ಏಳನೇತ್ತ ತನಕ ಅದ. ಮುಂದ ನೋಡಣು."

ಮಲ್ಲಕ್ಕ ದಾರಿಗೆಂದು ಬುತ್ತಿ ಕಟ್ಟಿದಳು. ಭುವನೇಶ್ವರಿ ಅವಳ ಕಾಲಿಗೆ ಬಿದ್ದಳು. ರಂಜನಾಳ ಮುಂದೆ ಒಂದು ಕ್ಷಣ ನಿಂತಳು. ರಂಜನಾ ಅತ್ತಳು, ಇವಳು ಅಳಲಿಲ್ಲ. ನನಗೂ ನಮಸ್ಕಾರ ಮಾಡಿದಳು, ಆದರೆ ಮುಖ ನೋಡಲಿಲ್ಲ.

"ಅಜ್ಜಾ, ನೀ ನನಗ ಬಿಡಲಿಕ್ಕೆ ಬರಂಗಿಲ್ಲೇನು?" ಎಂದಳು ನೇತ್ರಾ. ದಿನವೂ ಶಾಲೆಗೆ ಬಿಡುವವನು ನಾನೇ ಅಲ್ಲವೇ?

"ಅಜ್ಜಗ ದೂರ ಆಗ್ತದ," ಎಂದು ಅವಳ ತಾಯಿ ಕೈ ಹಿಡಿದು ಜಿನ್ನೆ ಇಳಿದಳು. ಅವರು ಹೋದ ಮೇಲೆ ನೋಡಿದರೆ ಬುತ್ತಿ ಒಲೆಯ ಕಟ್ಟೆಯ ಮೇಲೆಯೇ ಇತ್ತು. ಮರೆತಳೋ, ಬಿಟ್ಟಳೋ ತಿಳಿಯಲಿಲ್ಲ.

ಈಗ ಮನೆಯಲ್ಲಿ ಎರಡು ಒಲೆ. ಅನಿಲ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಹೇಳುವುದಿದ್ದರೆ ತಾಯಿಯ ಮೂಲಕ ಹೇಳುತ್ತಾನೆ. ಮಾರ್ಚಿನಲ್ಲಿ ಬೇರೆ ಖೋಲಿ ನೋಡುತ್ತಾರಂತೆ. ಮಲ್ಲಕ್ಕ ಅಂದಿನಿಂದ ಹೊರಗಿನವರ ಎದುರು ಬಾಯಿ ತೆರೆಯುವುದಿಲ್ಲ. ನೆರೆಯವರು ಏನಾದರೂ ಕೇಳಿದರೆ ನನ್ನ ಕಡೆ ನೋಡುತ್ತಾಳೆ. ಭುವನೇಶ್ವರಿಯಿಂದ ಒಂದು ಫೋನೂ ಇಲ್ಲ. ನಾನು ಮಾಡಿದರೆ ಶಿವಪುತ್ರ ಎತ್ತಿ, "ಅರಾಮ ಅದಾರ್ರಿ," ಎನ್ನುತ್ತಾನೆ. ಹಿಂದೆ ನೇತ್ರಾಳ ದನಿ ಕೇಳಿಸುತ್ತದೆ. ಕೊಡು ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ.

ಇಂದು ಸುಭಾಷ ಹೋಗಿ ಮೂರು ತಿಂಗಳು. ನಾವಿಬ್ಬರೇ ರುದ್ರಭೂಮಿಗೆ ಹೋಗಿದ್ದೆವು. ಗದ್ದುಗೆಯ ಮಣ್ಣು ಒಂದು ಬದಿಗೆ ಕುಸಿದಿತ್ತು. ಕಲ್ಲು ಹಾಕಿಸಲು ಕೇಳಿದರೆ ಕಾವಲಿನವನು, "ಕಾಯ್ಕೂ ಬಾಬಾ? ಎರಡು ವರ್ಷಕ್ಕೆ ಈ ಜಾಗ ಬೇರೆಯವರಿಗೆ ಕೊಡ್ತಾರೆ, ಜಾಗ ಇಲ್ಲ ಇಲ್ಲಿ," ಎಂದ. ಮಲ್ಲಕ್ಕ ಕೈಯಿಂದಲೇ ಮಣ್ಣು ಸರಿಮಾಡಿದಳು. ನಾನು ಪತ್ರೆ ಇಟ್ಟು, ನೀರು ಬಿಟ್ಟು, ಕಣ್ಣು ಮುಚ್ಚಿದೆ.

ಶಿವನೇ, ನನಗಾಗಿ ಏನೂ ಕೇಳುವುದಿಲ್ಲ. ಕೇಳುವ ಮುಖ ಉಳಿದಿಲ್ಲ. ಇಲ್ಲಿರುವವನು ನನ್ನ ಮಗ ಸುಭಾಷ. ತಂದೆ ಹೇಳಿದ್ದನ್ನು ಕೇಳಿದ್ದೊಂದೇ ಅವನು ಮಾಡಿದ ತಪ್ಪು. ಹೆಂಡತಿ ಮಗಳು ಎಲ್ಲಿದ್ದಾರೆ, ಏನು ಉಂಡರು ಎಂಬ ಚಿಂತೆ ಅವನನ್ನು ಹಿಂಬಾಲಿಸದಿರಲಿ. ಆ ಚಿಂತೆ ನನ್ನ ಪಾಲಿಗಿರಲಿ, ನಾನಿರುವ ತನಕ ಇರಲಿ. ಕೊನೆಯ ಗಳಿಗೆಯಲ್ಲಿ ಅವನ ಹತ್ತಿರ ಯಾರೂ ಇರಲಿಲ್ಲ ತಂದೆ. ಇನ್ನು ನೀನು ಇರು. ಅವನ ಜೀವಕ್ಕೆ ಶಾಂತಿ ಕೊಡು.